ಆರರಿಂದ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡೋ ಟೀಚರ್ ಆಗಬೇಕಾ? ನಾನು ಬಂದ ದಾರಿ ಇದು

ಹೋದ ವಾರ ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಬಂದು, ‘ಮಿಸ್, ನನ್ನ ಗುರುತು ಸಿಕ್ತಾ?’ ಅಂದಳು. ನಾನು ಅತಿಥಿ ಶಿಕ್ಷಕಿಯಾಗಿದ್ದಾಗ ಏಳನೇ ಕ್ಲಾಸಿನಲ್ಲಿದ್ದವಳು. ಈಗ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ‘ನಾನೂ ಸೈನ್ಸ್ ಮಿಸ್ ಆಗ್ಬೇಕು. ಏನ್ ಓದ್ಲಿ?’ ಅಂತ ಕೇಳಿದಳು. ಬಸ್ ಬರೋ ತನಕ ಹೇಳಿದೆ. ಅರ್ಧಕ್ಕೇ ನಿಂತಿತು. ಅವಳ ಹಾಗೆ ಕೇಳೋರು ಇನ್ನೂ ಇದ್ದಾರೆ. ಅದಕ್ಕೇ ಉಳಿದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನಡುಮನೆಯಲ್ಲಿ ಹುಳುವಿನ ತಟ್ಟೆ, ಪಕ್ಕದಲ್ಲೇ ನಮ್ಮ ಹಾಸಿಗೆ. ‘ಹುಳ ಮೂರನೇ ಜ್ವರಕ್ಕೆ ಕೂತಿದೆ, ಸದ್ದು ಮಾಡಬೇಡ’ ಅಂತ ಅಮ್ಮ ಗದರುತ್ತಿದ್ದರು. ಹುಳು ಸೊಪ್ಪು ಮುಟ್ಟುತ್ತಿರಲಿಲ್ಲ. ತಲೆ ಎತ್ತಿಕೊಂಡು ಸುಮ್ನೆ ಇರುತ್ತಿತ್ತು. ಅದಕ್ಕೆ ನಿಜವಾಗಿಯೂ ಮೈ ಬಿಸಿಯಾಗಿದೆ ಅಂತಲೇ ನಾನು ನಂಬಿದ್ದೆ. ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದುವಾಗ ಗೊತ್ತಾಯಿತು, ಅದು ಜ್ವರ ಅಲ್ಲ, ಪೊರೆ ಬಿಡೋದು ಅಂತ. ಹುಳು ಬೆಳೆಯುತ್ತೆ, ಚರ್ಮ ಬೆಳೆಯಲ್ಲ. ಹಾಗಾಗಿ ಗೂಡು ಕಟ್ಟೋದರೊಳಗೆ ನಾಲ್ಕು ಸಲ ಹಳೇ ಚರ್ಮ ಕಳಚಬೇಕು. ಹತ್ತು ವರ್ಷ ಶಾಲೆಗೆ ಹೋಗಿದ್ದೆ. ರೇಷ್ಮೆ ಹುಳುವಿನ ಪಾಠವೂ ಆಗಿತ್ತು. ಆದರೂ ನಮ್ಮ ಮನೆಯ ಜ್ವರಕ್ಕೂ ಪುಸ್ತಕದ ಪೊರೆಗೂ ಯಾರೂ ಗಂಟು ಹಾಕಿರಲಿಲ್ಲ. ಆ ಗಂಟು ಹಾಕೋ ಕೆಲಸ ನನಗೆ ಬೇಕು ಅಂತ ಆವತ್ತೇ ಅನ್ನಿಸಿತು.

ನಾನು ಹೇಳೋದೆಲ್ಲ ಈ ಗಂಟಿನ ಸುತ್ತಲೇ ಇರುತ್ತೆ. ಪರೀಕ್ಷೆ, ಅರ್ಜಿ, ಮೆರಿಟ್ ಎಲ್ಲವೂ ಬೇಕು. ಆದರೆ ಈ ಒಂದನ್ನು ಮೊದಲಿಂದ ಅಭ್ಯಾಸ ಮಾಡಿಕೊಂಡರೆ ಪರೀಕ್ಷೆಯೂ ಹಗುರಾಗುತ್ತೆ, ಕ್ಲಾಸೂ ಹಗುರಾಗುತ್ತೆ.

ಡಿಗ್ರಿ ಸೇರುವಾಗಲೇ ನೋಡಿಕೊಳ್ಳಬೇಕಾದ್ದು

ಆರರಿಂದ ಎಂಟನೇ ತರಗತಿಗೆ ಸರ್ಕಾರ ತೆಗೆದುಕೊಳ್ಳೋದು ಪದವೀಧರ ಪ್ರಾಥಮಿಕ ಶಿಕ್ಷಕರನ್ನು. ಎಲ್ಲರೂ ಜಿಪಿಟಿ ಅಂತಾರೆ. ಡಿಗ್ರಿ ಬೇಕು, ಜೊತೆಗೆ ಬಿಎಡ್ ಅಥವಾ ಡಿಎಡ್ ಬೇಕು, ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಬರೀ ಪಿಯುಸಿ, ಡಿಎಡ್ ಆದವರಿಗೆ ಒಂದರಿಂದ ಐದನೇ ತರಗತಿಯ ದಾರಿ ಇದೆ.

ಬಿಎಸ್ಸಿಯಲ್ಲಿ ಯಾವ ಕಾಂಬಿನೇಷನ್ ಅನ್ನೋದು ದೊಡ್ಡ ಪ್ರಶ್ನೆ. ನಾನು ಸಿಬಿಜೆಡ್ ತಗೊಂಡೆ, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. 2022ರ ನೇಮಕಾತಿಯಲ್ಲಿ ಗಣಿತ-ವಿಜ್ಞಾನ ಬೇರೆ, ಜೀವವಿಜ್ಞಾನ ಬೇರೆ ಅಂತ ಹುದ್ದೆ ಕರೆದರು. ಗಣಿತ-ವಿಜ್ಞಾನಕ್ಕೆ ಪೋಸ್ಟ್ ಜಾಸ್ತಿ, ನಮಗೆ ಕಡಿಮೆ. ಗಣಿತ ಕಂಡರೆ ಭಯ ಇಲ್ಲದಿದ್ದರೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ತಗೊಳ್ಳಿ ಅಂತಲೇ ನಾನು ಹೇಳೋದು. ಗಿಡ, ಹುಳು, ಹಕ್ಕಿ ಅಂದರೆ ಪ್ರಾಣ ಅನ್ನೋರು ಸಿಬಿಜೆಡ್‌ಗೇ ಹೋಗಿ. ಮೂರು ವರ್ಷ ಮನಸ್ಸಿಲ್ಲದ ವಿಷಯ ಓದಿದರೆ ಮುಂದೆ ಮಕ್ಕಳ ಎದುರು ಅದು ಗೊತ್ತಾಗಿಬಿಡುತ್ತೆ.

ಇನ್ನೊಂದು ದಾರಿ ನಮ್ಮ ಕಡೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಆದಮೇಲೆ ಬಿಎಸ್ಸಿ, ಬಿಎಡ್ ಎರಡನ್ನೂ ಸೇರಿಸಿ ನಾಲ್ಕೇ ವರ್ಷದಲ್ಲಿ ಓದಬಹುದು. ಪ್ರವೇಶ ಪರೀಕ್ಷೆ ಇದೆ. ಬೇರೆ ಬೇರೆ ಓದಿದರೆ ಐದು ವರ್ಷ. ಪಿಯುಸಿ ಮಕ್ಕಳು ದಯವಿಟ್ಟು ಇದನ್ನು ವಿಚಾರಿಸಿ. ನನಗೆ ಆಗ ಯಾರೂ ಹೇಳಲಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಪಿಯುಸಿಯಲ್ಲಿ ದಿಢೀರ್ ಅಂತ ಎಲ್ಲಾ ಇಂಗ್ಲಿಷ್ ಆಗುತ್ತೆ. ‘ಫೋಟೊಸಿಂಥೆಸಿಸ್’ ಅಂದರೆ ನಾನು ಮೊದಲೇ ಓದಿದ್ದ ದ್ಯುತಿಸಂಶ್ಲೇಷಣೆ ಅಂತ ತಿಳಿಯೋಕೆ ನನಗೆ ಒಂದು ವಾರ ಬೇಕಾಯಿತು. ಆಗ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತಂದೆ. ಪ್ರತಿ ಪುಟದಲ್ಲೂ ಗೆರೆ ಎಳೆದು ಎರಡು ಭಾಗ ಮಾಡಿದೆ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಪಠ್ಯಪುಸ್ತಕದ ಕನ್ನಡ ಪದ. ರೇಷ್ಮೆ ಹುಳುವಿನ ವಿಷಯ ಗೊತ್ತಾದ ದಿನ ಇನ್ನೊಂದು ಗೆರೆ ಎಳೆದು ಮೂರನೇ ಭಾಗ ಮಾಡಿದೆ, ಮನೆಯ ಮಾತಿಗೆ ಅಂತ. ‘ಮೌಲ್ಟಿಂಗ್’, ಪೊರೆ ಬಿಡುವುದು, ಜ್ವರ. ‘ಫರ್ಮೆಂಟೇಷನ್’, ಹುದುಗುವಿಕೆ, ಹಿಟ್ಟು ಹುಳಿ ಬರೋದು. ‘ಕಂಡೆನ್ಸೇಷನ್’, ಸಾಂದ್ರೀಕರಣ, ಮುಚ್ಚಿದ ತಟ್ಟೆ ಬೆವರೋದು. ಈ ನೋಟ್‌ಬುಕ್ಕನ್ನು ನೀವೂ ಇವತ್ತೇ ಶುರು ಮಾಡಿ. ಇದಕ್ಕೆ ಯಾವ ಅರ್ಹತೆಯೂ ಬೇಡ.

ಬಿಎಡ್, ಮತ್ತು ಬಣ್ಣ ಬದಲಾಗದ ಲಿಟ್ಮಸ್

ಬಿಎಡ್‌ಗೆ ಡಿಗ್ರಿಯಲ್ಲಿ ಸಾಮಾನ್ಯವಾಗಿ ಶೇ 50 ಅಂಕ ಬೇಕು. ಮೀಸಲಾತಿ ಇರೋರಿಗೆ ರಿಯಾಯಿತಿ ಇದೆ. ಸರ್ಕಾರಿ ಕೋಟಾದ ಸೀಟಿಗೆ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ಅರ್ಜಿ ಹಾಕಬೇಕು. ಮೊದಲು ಇದು ಒಂದು ವರ್ಷದ ಕೋರ್ಸ್. 2015ರಿಂದ ಎರಡು ವರ್ಷ ಆಯಿತು. ನಾನು ಎರಡು ವರ್ಷದ ಮೊದಲ ಬ್ಯಾಚು. ಒಂದು ವರ್ಷ ದಂಡ ಅಂತ ನಮ್ಮ ಜೊತೆಯವರು ತುಂಬಾ ಬೇಜಾರು ಮಾಡಿಕೊಂಡರು. ನನಗೆ ಹಾಗನ್ನಿಸಲಿಲ್ಲ. ಶಾಲೆಗೆ ಹೋಗಿ ಪಾಠ ಮಾಡೋ ದಿನಗಳು ಜಾಸ್ತಿ ಸಿಕ್ಕವು.

ಅಂಥ ಒಂದು ದಿನ ಏಳನೇ ಕ್ಲಾಸಿಗೆ ಆಮ್ಲ, ಪ್ರತ್ಯಾಮ್ಲ ಪಾಠ. ಪಾಠ ಯೋಜನೆ ಚೆನ್ನಾಗಿ ಬರೆದುಕೊಂಡು ಹೋಗಿದ್ದೆ. ನೋಡೋಕೆ ಹಿಂದಿನ ಬೆಂಚಿನಲ್ಲಿ ಲೆಕ್ಚರರ್ ಕೂತಿದ್ದರು. ಶಾಲೆಯ ಬೀರುವಿನಿಂದ ಲಿಟ್ಮಸ್ ಕಾಗದ ತೆಗೆದೆ. ನಿಂಬೆ ರಸಕ್ಕೆ ಅದ್ದಿದರೆ ನೀಲಿ ಕಾಗದ ನೀಲಿಯಾಗೇ ಉಳಿಯಿತು. ಎಷ್ಟು ವರ್ಷ ಹಳೆಯದೋ ಏನೋ, ತೇವ ಹಿಡಿದು ಹಾಳಾಗಿತ್ತು. ನಲವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ‘ಅರಿಶಿನಕ್ಕೂ ಬಣ್ಣ ಬದಲಾಗುತ್ತಂತೆ, ಯಾರಾದರೂ ನೋಡಿದ್ದೀರಾ?’ ಅಂತ ಕೇಳಿದೆ. ಮುಂದೆ ಕೂತಿದ್ದ ಒಬ್ಬಳು ಎದ್ದಳು. ‘ಮಿಸ್, ಆರತಿಗೆ ನಮ್ಮಜ್ಜಿ ಓಕುಳಿ ನೀರು ಮಾಡ್ತಾರೆ. ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕೆಂಪಾಗುತ್ತೆ.’

ಬಿಸಿಯೂಟದ ಅಡುಗೆಮನೆಯಿಂದ ಅರಿಶಿನ ಬಂತು. ಅಡುಗೆ ಮಾಡೋ ಅಮ್ಮನ ಎಲೆ ಅಡಿಕೆ ಚೀಲದಿಂದ ಸುಣ್ಣ ಬಂತು. ಸ್ಟೀಲ್ ಲೋಟದಲ್ಲಿ ಅರಿಶಿನದ ನೀರು, ಅದಕ್ಕೆ ಕಡಲೆಕಾಳಿನಷ್ಟು ಸುಣ್ಣ. ನೀರು ಕೆಂಪಾಯಿತು. ಆಮೇಲೆ ಅದೇ ಹುಡುಗಿಯ ಕೈಲಿ ನಿಂಬೆ ಹಿಂಡಿಸಿದೆ. ಎರಡನೇ ಹನಿಗೆ ಏನೂ ಆಗಲಿಲ್ಲ. ಸ್ವಲ್ಪ ಜಾಸ್ತಿ ಹಿಂಡಿದಾಗ ಕೆಂಪು ಹೋಗಿ ಮತ್ತೆ ಹಳದಿ ಬಂತು. ‘ಓಕುಳಿ ವಾಪಸ್ ಹೋಯ್ತು!’ ಅಂತ ಇಡೀ ಕ್ಲಾಸು ಕೂಗಿತು. ಸುಣ್ಣ ಪ್ರತ್ಯಾಮ್ಲ, ನಿಂಬೆ ಆಮ್ಲ, ಎರಡೂ ಸೇರಿದರೆ ತಟಸ್ಥ ಆಗುತ್ತೆ ಅಂತ ಬೋರ್ಡಿನಲ್ಲಿ ಬರೆಯುವಾಗ ಯಾರಿಗೂ ಅದು ಹೊಸ ಮಾತು ಅನ್ನಿಸಲಿಲ್ಲ. ಸಂಜೆ ನೋಟ್‌ಬುಕ್ಕಿನಲ್ಲಿ ‘ಇಂಡಿಕೇಟರ್’, ಸೂಚಕ ಅಂತ ಬರೆದು, ಮೂರನೇ ಭಾಗಕ್ಕೆ ಓಕುಳಿ ಅಂತ ಸೇರಿಸಿದೆ.

ಬಿಎಡ್ ಮಾಡುತ್ತಿರೋರಿಗೆ ನನ್ನ ಸಲಹೆ ಇಷ್ಟೇ. ಪಾಠ ಯೋಜನೆ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಕಾಪಿ ಮಾಡಬೇಡಿ. ಪ್ರತಿ ಪ್ರಯೋಗವನ್ನೂ ಹಿಂದಿನ ದಿನ ಮನೆಯಲ್ಲಿ ನೀವೇ ಒಮ್ಮೆ ಮಾಡಿ ನೋಡಿ. ನಾನು ಆ ಲಿಟ್ಮಸ್ ಹಿಂದಿನ ದಿನ ನೋಡಿರಲಿಲ್ಲ.

ಟಿಇಟಿ ಮತ್ತು ಗಣಿತ

ಟಿಇಟಿಯಲ್ಲಿ ಎರಡು ಪತ್ರಿಕೆ. ಆರರಿಂದ ಎಂಟಕ್ಕೆ ಪಾಠ ಮಾಡೋರಿಗೆ ಎರಡನೇ ಪತ್ರಿಕೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಮಕ್ಕಳ ಮನೋವಿಕಾಸ 30, ಒಂದನೇ ಭಾಷೆ 30, ಎರಡನೇ ಭಾಷೆ 30, ಗಣಿತ-ವಿಜ್ಞಾನ 60. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ, ಹಿಂದುಳಿದ 2ಎ, 2ಬಿ, 3ಎ, 3ಬಿ ಅವರಿಗೆ ಶೇ 60, ಅಂದರೆ 90 ಅಂಕ ಬೇಕು. ಒಮ್ಮೆ ಪಾಸಾದರೆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತೆ.

ಆ 60ರಲ್ಲಿ ಅರ್ಧ ಗಣಿತ. ಸಿಬಿಜೆಡ್ ಓದಿದವರು ಎಡವೋದು ಇಲ್ಲೇ. ಪಿಯುಸಿ ಆದಮೇಲೆ ಎಂಟು ವರ್ಷ ನಾನು ಗಣಿತ ಮುಟ್ಟಿರಲಿಲ್ಲ. 2020ರಲ್ಲಿ ಬರೆದಾಗ 84 ಬಂತು. ಗಣಿತದಲ್ಲಿ 30ಕ್ಕೆ 11. ಆರು ಅಂಕಕ್ಕೆ ಒಂದು ವರ್ಷ ಹೋಯಿತು.

ಆಮೇಲೆ ಗೈಡ್ ಪುಸ್ತಕಗಳನ್ನೆಲ್ಲ ಪಕ್ಕಕ್ಕಿಟ್ಟೆ. ಆರನೇ ಕ್ಲಾಸಿನ ಗಣಿತ ಪುಸ್ತಕ ತೆಗೆದು ಮೊದಲ ಅಭ್ಯಾಸದಿಂದ ಲೆಕ್ಕ ಮಾಡುತ್ತಾ ಬಂದೆ. ದಿನಕ್ಕೆ ಎರಡು ಪುಟ. ಆರು, ಏಳು, ಎಂಟು ಮುಗಿಸಿ ಒಂಬತ್ತು, ಹತ್ತನೇದರ ಮುಖ್ಯ ಪಾಠ ನೋಡಿದೆ. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ, ಐದೂವರೆಯಿಂದ ಏಳರ ತನಕ ಕೂರುತ್ತಿದ್ದೆ. 2021ರ ಆಗಸ್ಟ್‌ನಲ್ಲಿ 103 ಬಂತು. ಗಣಿತದಲ್ಲಿ 22. ಟಿಇಟಿ ಬರೀ ಪಾಸಾದರೆ ಸಾಕು ಅಂದುಕೊಳ್ಳಬೇಡಿ. ಆ ಅಂಕ ಮುಂದೆ ನೇಮಕಾತಿಯ ಮೆರಿಟ್‌ಗೂ ಸೇರುತ್ತೆ.

ಕೆಲಸ ಸಿಗೋ ತನಕದ ವರ್ಷಗಳು

ಬಿಎಡ್ ಆದ ಮೇಲೆ ಎರಡು ವರ್ಷ ಒಂದು ಖಾಸಗಿ ಶಾಲೆಯಲ್ಲಿದ್ದೆ. ಅಲ್ಲಿ ದಿನಕ್ಕೆ ಏಳು ಪೀರಿಯಡ್. ಗಂಟಲು ಕಟ್ಟುತ್ತಿತ್ತು, ಆದರೆ ಕ್ಲಾಸ್ ಹಿಡಿಯೋದು ಕಲಿತೆ. ಸೇರುವಾಗ ಅವರು ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡರು. ಬಿಡುವಾಗ ವಾಪಸ್ ಪಡೆಯೋಕೆ ಅಪ್ಪ ಮೂರು ಸಲ ಬಂದು ಕೂರಬೇಕಾಯಿತು. ಒರಿಜಿನಲ್ ಯಾರಿಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ಸೇವಾ ಪ್ರಮಾಣಪತ್ರ ಮಾತ್ರ ಕೇಳಿ ತಗೊಳ್ಳಿ.

ಆಮೇಲೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಗೌರವಧನ ತಿಂಗಳು ತಿಂಗಳು ಬರುತ್ತಿರಲಿಲ್ಲ. ಬಸ್ ಖರ್ಚಿಗೆ ಅಮ್ಮ ಗೂಡು ಮಾರಿದ ದುಡ್ಡಿನಲ್ಲಿ ಕೊಡುತ್ತಿದ್ದರು. ಕೊರೊನಾ ಬಂದಾಗ ಆ ಕೆಲಸವೂ ನಿಂತಿತು. ನಮ್ಮ ಜಗಲಿಯ ಮೇಲೆ ಊರಿನ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದೆ. ಬೂತಗನ್ನಡಿ ಒಂದೇ ಇತ್ತು. ನಾಲ್ಕನೇ ಜ್ವರ ಮುಗಿಸಿದ ಹುಳು ಕಳಚಿಟ್ಟ ಪೊರೆಯನ್ನು ಅದರಲ್ಲಿ ಒಬ್ಬೊಬ್ಬರಾಗಿ ನೋಡಿದರು. ಕಾಯುವ ವರ್ಷಗಳಲ್ಲಿ ಮಕ್ಕಳ ಸಹವಾಸ ಬಿಡಬೇಡಿ. ಕೋಚಿಂಗ್ ರೂಮಿನಲ್ಲೇ ಕೂತುಬಿಟ್ಟ ನನ್ನ ಕೆಲವು ಗೆಳತಿಯರಿಗೆ ಆಮೇಲೆ ಕ್ಲಾಸಿಗೆ ಹೋಗೋಕೇ ಹೆದರಿಕೆ ಆಯಿತು.

ಜಿಪಿಟಿ ಪರೀಕ್ಷೆ 2022ರ ಮೇ ತಿಂಗಳಲ್ಲಿ ನಡೆಯಿತು. 15,000 ಹುದ್ದೆ ಕರೆದಿದ್ದರು, ಅಷ್ಟೂ ತುಂಬಲಿಲ್ಲ. ಟಿಕ್ ಹಾಕೋ ಪ್ರಶ್ನೆಗಳ ಜೊತೆ ವಿಷಯದ ಪತ್ರಿಕೆಯಲ್ಲಿ ವಿವರಿಸಿ ಬರೆಯೋದೂ ಇತ್ತು. ಅಲ್ಲಿ ನನ್ನ ಕೈ ಹಿಡಿದಿದ್ದು ಆ ನೋಟ್‌ಬುಕ್. ನಾನು ಹೀಗೆ ಅಭ್ಯಾಸ ಮಾಡಿದೆ: ದಿನಕ್ಕೊಂದು ಪ್ರಶ್ನೆ. ಮಣ್ಣಿನ ಮಡಕೆಯಲ್ಲಿ ನೀರು ಯಾಕೆ ತಣ್ಣಗಿರುತ್ತೆ? ರಾಗಿ ಮೊಳಕೆ ಕಟ್ಟೋಕೆ ಬಟ್ಟೆ ಯಾಕೆ ಒದ್ದೆ ಇರಬೇಕು? ಐದೇ ವಾಕ್ಯದಲ್ಲಿ ಬರೆಯೋದು. ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳೋದು. ಅವರು ಎಲ್ಲಿ ‘ಅಂದ್ರೆ?’ ಅನ್ನುತ್ತಾರೋ ಆ ವಾಕ್ಯ ಮತ್ತೆ ಬರೆಯೋದು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅವರಿಗಿಂತ ಒಳ್ಳೆ ಪರೀಕ್ಷಕರು ನನಗೆ ಸಿಗುತ್ತಿರಲಿಲ್ಲ.

ದಾಖಲೆಗಳ ಬಗ್ಗೆ ಸೋಮಾರಿತನ ಬೇಡ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿಗೆ ಓದಿದ ಶಾಲೆಗಳಿಂದ ಪ್ರಮಾಣಪತ್ರ ಬೇಕು. ಮುಂಚೆಯೇ ಮಾಡಿಸಿಡಿ. ಎಸ್ಸೆಸ್ಸೆಲ್ಸಿ ಕಾರ್ಡಿನ ಹೆಸರು, ಆಧಾರ್ ಹೆಸರು, ಇನಿಷಿಯಲ್ ಒಂದೇ ಇರಲಿ. ಮದುವೆಯಾದ ಹೆಣ್ಣುಮಕ್ಕಳು ಜಾತಿ-ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲೋ ಗಂಡನ ಹೆಸರಲ್ಲೋ ಅಂತ ಅಧಿಸೂಚನೆಯಲ್ಲಿ ಎರಡು ಸಲ ಓದಿ. ನಮ್ಮ ಬ್ಯಾಚಿನಲ್ಲಿ ಈ ವಿಷಯವೇ ಹೈಕೋರ್ಟಿಗೆ ಹೋಗಿ ಆಯ್ಕೆಪಟ್ಟಿ ತಿಂಗಳುಗಟ್ಟಲೆ ನಿಂತಿತು. ಆದೇಶ ಕೈಗೆ ಬಂದಿದ್ದು 2023ರ ಕೊನೆಗೆ.

ಬಾಗೇಪಲ್ಲಿ ಕಡೆಯ ಶಾಲೆ

ಕೌನ್ಸೆಲಿಂಗ್‌ನಲ್ಲಿ ನನಗೆ ಸಿಕ್ಕಿದ್ದು ಬಾಗೇಪಲ್ಲಿ ತಾಲ್ಲೂಕು. ಅಲ್ಲಿ ಮಕ್ಕಳ ಮನೆ ಮಾತು ತೆಲುಗು. ಶಾಲೆ ಕನ್ನಡ. ಮೊದಲ ವಾರ ‘ಅರಿಶಿನ’ ಅಂದರೆ ಆರನೇ ಕ್ಲಾಸಿನ ಕೆಲವರು ಮುಖ ಮುಖ ನೋಡಿಕೊಂಡರು. ‘ಪಸುಪು’ ಅಂದೆ. ಎಲ್ಲರಿಗೂ ಗೊತ್ತಾಯಿತು. ನೋಟ್‌ಬುಕ್ಕಿಗೆ ತೆಲುಗಿನ ನಾಲ್ಕನೇ ಭಾಗ ಸೇರಿಸಿದೆ. ಈ ಸಲ ಅದನ್ನು ತುಂಬಿಸಿದ್ದು ಮಕ್ಕಳೇ. ಕೋಲಾರ, ಚಿಕ್ಕಬಳ್ಳಾಪುರದ ಗಡಿ ತಾಲ್ಲೂಕಿಗೆ ಬರೋರು ತೆಲುಗು ಮಾತಾಡಿದ ಮಗುವನ್ನು ಬೈಯಬೇಡಿ. ಅದೇ ಮಾತಿನಿಂದ ಕನ್ನಡಕ್ಕೆ ಕರೆದುಕೊಂಡು ಬನ್ನಿ.

ಅಲ್ಲಿ ನಾನು ಕಂಡ ಇನ್ನೊಂದು ವಿಷಯ ಹಲ್ಲು. ಕೆಲವು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ. ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. ಆಳದ ಬೋರ್‌ವೆಲ್ ನೀರು ಬಂಡೆಯೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತೆ. ಕುಡಿಯೋ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಒಪ್ಪುತ್ತಾರೆ. ಚಿಕ್ಕ ವಯಸ್ಸಿನಲ್ಲಿ, ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ ಅದು ಜಾಸ್ತಿ ಹೋದರೆ ಕಲೆ ಉಳಿದುಬಿಡುತ್ತೆ. ಬ್ರಷ್ ಮಾಡಿದರೆ ಹೋಗಲ್ಲ.

ಈ ಪಾಠವನ್ನು ಯಾವ ಮಗುವಿನ ಹಲ್ಲನ್ನೂ ತೋರಿಸದೆ ಮಾಡಬೇಕಿತ್ತು. ‘ಕೆಟ್ಟ ನೀರನ್ನು ಏನು ಮಾಡ್ತೀರಾ?’ ಅಂದೆ. ‘ಕಾಯಿಸ್ತೀವಿ’ ಅಂದರು. ಸರಿ, ಎರಡು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿದೆವು. ಎಲ್ಲರೂ ಒಂದೊಂದು ಹನಿ ನಾಲಿಗೆಗೆ ಹಚ್ಚಿ ನೋಡಿದರು. ಆಮೇಲೆ ಅದನ್ನು ಒಂದು ಲೋಟ ಆಗೋ ತನಕ ಕಾಯಿಸಿ, ಆರಿಸಿ, ಮತ್ತೆ ಹಚ್ಚಿದರು. ‘ಇನ್ನೂ ಉಪ್ಪಾಯ್ತು ಮಿಸ್!’ ನೀರು ಆವಿಯಾಗಿ ಹೋಯಿತು, ಉಪ್ಪು ಅಲ್ಲೇ ಉಳಿಯಿತು. ಕ್ರಿಮಿ ಇದ್ದರೆ ಕುದಿಸಿದಾಗ ಸಾಯುತ್ತೆ, ಫ್ಲೋರೈಡ್ ಹೋಗಲ್ಲ, ಉಳಿದ ನೀರಿನಲ್ಲಿ ಇನ್ನೂ ಜಾಸ್ತಿ ಆಗುತ್ತೆ ಅಂತ ನಾನು ಹೇಳೋ ಮೊದಲೇ ಹಿಂದಿನ ಬೆಂಚಿನ ಹುಡುಗ ಹೇಳಿದ. ಮಾರನೇ ದಿನ ಅವನು ಬಂದು, ತಂಗಿಗೆ ಶುದ್ಧ ನೀರಿನ ಘಟಕದ ನೀರೇ ಕೊಡಬೇಕು ಅಂತ ಮನೆಯಲ್ಲಿ ಹೇಳಿದೆ ಅಂದ. ತಂಗಿಗೆ ಮೂರು ವರ್ಷ. ಅವನು ಕೈ ಅಡ್ಡ ಹಿಡಿಯದೇ ಮಾತಾಡುತ್ತಿದ್ದ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಸುತ್ತಮುತ್ತ ಏನಿದೆ ಅಂತ ಪಟ್ಟಿ ಮಾಡಿ. ನಮ್ಮ ಜಿಲ್ಲೆಯಲ್ಲೇ ಗೌರಿಬಿದನೂರು ಹತ್ತಿರ ರೇಡಿಯೊ ದೂರದರ್ಶಕ ಇದೆ, ಭೂಕಂಪ ಅಳೆಯೋ ಕೇಂದ್ರ ಇದೆ. ಭೌತಶಾಸ್ತ್ರದ ಮೇಷ್ಟ್ರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಅದೇ ತಾಲ್ಲೂಕಿನ ಹೊಸೂರಿನಲ್ಲಿ. ‘ನಮ್ಮ ಊರ ಕಡೆಯವರೇನಾ ಮಿಸ್?’ ಅಂತ ಮಕ್ಕಳು ಎರಡೆರಡು ಸಲ ಕೇಳಿದರು.

ಇನ್‌ಸ್ಪೈರ್ ಮಾನಕ್ ಅನ್ನೋ ಕೇಂದ್ರ ಸರ್ಕಾರದ ವಿಜ್ಞಾನ ಯೋಜನೆಗೆ ಮಕ್ಕಳ ಐಡಿಯಾ ಕಳಿಸಿ. ಆಯ್ಕೆಯಾದರೆ ಮಾದರಿ ಮಾಡೋಕೆ 10,000 ರೂಪಾಯಿ ಬರುತ್ತೆ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಪಾಸಾಗಿ ಆಯ್ಕೆಯಾದ ಬಡ ಮಗುವಿಗೆ ಒಂಬತ್ತರಿಂದ ಪಿಯುಸಿ ತನಕ ವರ್ಷಕ್ಕೆ 12,000 ಸಿಗುತ್ತೆ. ಹೆಣ್ಣುಮಕ್ಕಳನ್ನು ಓದು ಬಿಡಿಸದಂತೆ ಮನೆಯವರನ್ನು ಒಪ್ಪಿಸೋಕೆ ಈ ದುಡ್ಡು ತುಂಬಾ ಸಹಾಯ. ಮುಂದಿನ ಬಡ್ತಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಹೈಸ್ಕೂಲು ಇವೆಲ್ಲ ಇವೆ. ಪಿಂಚಣಿ ವಿಷಯಕ್ಕೆ ಬಂದರೆ, 2006ರ ಏಪ್ರಿಲ್ ನಂತರ ಸೇರಿದ ನಮ್ಮಂಥವರಿಗೆ ಎನ್‌ಪಿಎಸ್, ಅಂದರೆ ಸಂಬಳದಲ್ಲಿ ಪಾಲು ಕಟ್ಟೋ ಹೊಸ ಪಿಂಚಣಿ. ಅದನ್ನು ತಿಳಿದುಕೊಂಡೇ ಬನ್ನಿ.

ಆ ಹುಡುಗಿ ಭಾನುವಾರ ಮನೆಗೆ ಬಂದಿದ್ದಳು. ಪಿಸಿಎಂ ತಗೊಳ್ತೀನಿ ಅಂದಳು. ಆರನೇ ಕ್ಲಾಸಿನ ವಿಜ್ಞಾನ, ಗಣಿತ ಪುಸ್ತಕ ಕೊಟ್ಟೆ. ನನ್ನ ನೋಟ್‌ಬುಕ್ ಕೇಳಿದಳು. ಅದನ್ನು ಕೊಡಲಿಲ್ಲ, ಒಂದು ಹೊಸ ಲಾಂಗ್ ನೋಟ್‌ಬುಕ್ ತಂದಿಟ್ಟಿದ್ದೆ. ಅಲ್ಲೇ ಕೂತು ಸ್ಕೇಲ್ ಇಟ್ಟು ಮೂರು ಗೆರೆ ಎಳೆದಳು. ಅವಳ ಮನೆಯಲ್ಲೂ ಹುಳು ಇದೆ, ಈಗ ಎರಡನೇ ಜ್ವರದಲ್ಲಿದೆಯಂತೆ. ಮೊದಲ ಸಾಲಿಗೆ ಅದನ್ನೇ ಬರೆದಳು.